ಎಂಜಿನ್ ವಾರ

ಗುರುವಾರ, ಮಧ್ಯಾಹ್ನ

ಮುನಿಸಿಕೊಂಡ ತಮ್ಮನಿಗೆ, ಮುನಿಸು ಬಿಡದ ಅಕ್ಕನ ಆಶೀರ್ವಾದ.

ಅಕ್ಷರ ನನ್ನದಲ್ಲ ಎಂದು ಗಾಬರಿಯಾಗಬೇಡ. ಕನ್ನಡಕ ಹಾಳಾಗಿದೆ, ಪರಿಚಯದ ಹೆಣ್ಣುಮಗಳೊಬ್ಬಳು ನಾನು ಹೇಳಿದ್ದನ್ನು ಬರೆದುಕೊಡುತ್ತಿದ್ದಾಳೆ. ನಾನು ಚೆನ್ನಾಗಿದ್ದೇನೆ. ಎರಡು ವರ್ಷದಿಂದ ಮಾತು ಬಿಟ್ಟವಳು ಈಗೇಕೆ ಬರೆಯುತ್ತಿದ್ದಾಳೆ ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಪುರಸಭೆಯ ಸೋಮವಾರದ ಸಭೆಗಾಗಿ. ಬೆಂಕಿ ತೆರಿಗೆಯನ್ನು ಮತ್ತೆ ಹಾಕುವ ವಿಷಯದಲ್ಲಿ ಸದಸ್ಯರು ಸಮಸಮ ಒಡೆದಿದ್ದಾರಂತೆ. ಅಧ್ಯಕ್ಷನಾದ ನಿನ್ನ ಕೈ ಎದ್ದರೆ ಬೆಂಕಿ ಆರಿಸುವ ಎರಡನೆಯ ಎಂಜಿನ್ ಬರುತ್ತದೆ, ಏಳದಿದ್ದರೆ ಇಲ್ಲ. ಪತ್ರಿಕೆಯನ್ನು ಓದಿಸಿ ಕೇಳಿದೆ.

ನನಗಿನ್ನೂ ಮರೆವು ಬಂದಿಲ್ಲ; ಅದು ನಿನ್ನ ದುರದೃಷ್ಟ. ಅಪ್ಪ ಪ್ರತಿ ವರ್ಷ ಪುರಸಭೆಯ ಕಿಟಕಿಯ ಮುಂದೆ ನಿಂತು, "ಬೆಂಕಿ ಬೀಳ್ಲಿ ಈ ತೆರಿಗೆಗೆ" ಎಂದು ಗೊಣಗುತ್ತಲೇ ಹಣ ಎಣಿಸುತ್ತಿದ್ದರು. ಗುಮಾಸ್ತ ರಸೀದಿ ಹರಿಯುತ್ತಾ, "ಬೀಳದೇ ಇರ್ಲಿ ಅಂತಾನೇ ಯಜಮಾನ್ರೇ ಇದು" ಎನ್ನುತ್ತಿದ್ದ. ಬೈದುಕೊಂಡೇ ಕಟ್ಟಿದರು, ಒಂದು ವರ್ಷವೂ ತಪ್ಪಿಸಲಿಲ್ಲ. ಆ ಬೈಗುಳದ ಹಣದಿಂದಲೇ ಹೊಳೆಯ ಈಚೆಗೊಂದು, ಆಚೆಗೊಂದು ಎಂಜಿನ್ ಇದ್ದವು.

ಆಮೇಲೆ ನೀನು ಚುನಾವಣೆ ಗೆದ್ದು ಬಂದೆ. ನನ್ನ ಮನೆಯ ಜಗಲಿಯ ಮೇಲೆಯೇ ಕೂತು, "ಊರಲ್ಲಿ ಬೆಂಕಿ ಬಿದ್ದು ಯಾವ ಕಾಲ ಆಯ್ತಕ್ಕ? ಮಲಗಿರೋ ಎಂಜಿನ್‌ಗೆ ಜನ ಯಾಕೆ ದುಡ್ಡು ಸುರೀಬೇಕು?" ಎಂದೆ. "ಕಳ್ಳ ಬಂದಿಲ್ಲ ಅಂತ ಬಾಗಿಲಿನ ಬೀಗ ಮಾರ್ತೀಯೇನೋ?" ಎಂದು ನಾನು ಕೇಳಿದೆ. "ಲೈಬ್ರರಿಯಲ್ಲಿ ಕೂತು ಕೂತು ನಿಂಗೆ ಬದುಕೇ ಗೊತ್ತಿಲ್ಲ" ಎಂದು ಎದ್ದು ಹೋದೆ. ತೆರಿಗೆ ಹೋಯಿತು. ಒಂದು ಎಂಜಿನ್ ಮಾರಾಟವಾಯಿತು. ಉಳಿದದ್ದು ಒಂದು ವಾರ ನಮ್ಮ ಕಡೆ, ಒಂದು ವಾರ ನಿಮ್ಮ ಕಡೆ.

ಆಮೇಲೆ ಇಲ್ಲಿ ಏನಾಯಿತೆಂದು ಹೊಳೆಯಾಚೆ ಕೂತ ನಿನಗೆ ಗೊತ್ತಿರಲಾರದು. ಜನ ಜಾಣರಾದರು. ಎಂಜಿನ್ ಸೇತುವೆ ದಾಟಿ ಬರುವ ವಾರಕ್ಕೆ "ಎಂಜಿನ್ ವಾರ" ಎಂದು ಹೆಸರಿಟ್ಟು, ಬೆಂಕಿಯ ಕೆಲಸವನ್ನೆಲ್ಲ ಅದಕ್ಕೆ ಕೂಡಿಸಿಟ್ಟರು. ಬೇಕರಿಯವನು ಹೊಗೆಗೂಡು ಸುಟ್ಟು ಶುಚಿ ಮಾಡುವುದು ಆ ವಾರ. ವೆಲ್ಡಿಂಗ್‌ನವರು ಕಿಟಕಿಗೆ ಸರಳು ಕೂರಿಸುವುದು ಆ ವಾರ. ತಾರಸಿಗೆ ಟಾರು ಕಾಯಿಸುವುದು, ಹಿತ್ತಲಿನ ಕಸ ಸುಡುವುದು, ಎಲ್ಲ ಆ ವಾರವೇ. "ನಾನು ಗಂಡನ ಜೊತೆ ಜಗಳ ಆಡೋದೂ ಎಂಜಿನ್ ವಾರದಲ್ಲೇ" ಎಂದು ಪಕ್ಕದ ಮನೆಯವಳು ನಗುತ್ತಿದ್ದಳು. ನಾನೂ ನಕ್ಕೆ. ಎಂಜಿನ್ ಇಲ್ಲದ ವಾರ ಊರು ಉಸಿರು ಬಿಗಿ ಹಿಡಿದಿರುತ್ತಿತ್ತು. ಇದ್ದ ವಾರ ಮೂಲೆಮೂಲೆಯಲ್ಲಿ ಕಿಡಿ ಹಾರುತ್ತಿತ್ತು. ಒಂದೇ ಎಂಜಿನ್ ಎರಡು ಕಡೆ ಹೋಗಲಾರದು ಎಂದು ಇಷ್ಟು ಜಾಣರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಳೆದ ತಿಂಗಳ ಬೆಂಕಿಯ ವರದಿ ನಿನ್ನ ಮೇಜಿಗೆ ಬಂದಿರಬೇಕು. "ಒಂದು ಗೋದಾಮು, ಒಂದು ವಸತಿ ಕಟ್ಟಡ, ಒಂದು ಸಾವು." ಆ ಸಾವು ಒಬ್ಬ ದರ್ಜಿಯದು. ಕಂಡವರು ಹೇಳಿದ್ದನ್ನು ಹೇಳುತ್ತೇನೆ, ಕೇಳು.

ಮಂಡಿಯ ಗೋದಾಮಿನ ತಾರಸಿಯಲ್ಲಿ ಟಾರು ಕುದಿದು ಹೊತ್ತಿಕೊಂಡಿತು. ಅದೇ ಹೊತ್ತಿಗೆ ದರ್ಜಿಯ ಅಂಗಡಿಯ ಹಿಂದೆ, ಮನೆ ಮಾಲೀಕ ಕರೆಸಿದ್ದ ವೆಲ್ಡಿಂಗ್‌ನವನ ಕಿಡಿ ಬಟ್ಟೆ ಚೂರುಗಳ ಗುಡ್ಡೆಗೆ ಬಿತ್ತು. ಹೊಗೆ ಮೆಟ್ಟಿಲು ಹಿಡಿದು ಮೇಲೇರಿತು. ಮಹಡಿಯಲ್ಲಿ ಒಬ್ಬ ಮುದುಕಿ ಬಾಡಿಗೆಗಿದ್ದಳು, ಮೊಣಕಾಲು ನೋವಿನವಳು. ದರ್ಜಿ ಒದ್ದೆ ಕಂಬಳಿ ಹೊದ್ದು ಹತ್ತಿ, ಅವಳನ್ನು ಬೆನ್ನಿಗೆ ಹಾಕಿಕೊಂಡು ಇಳಿಸಿದ. ಎದುರಿನ ಕಟ್ಟೆಯ ಮೇಲೆ ಕೂರಿಸಿದ. ಆಗ ಓಣಿಯ ತುದಿಯಲ್ಲಿ ಸೈರನ್ ಕೇಳಿಸಿತು. "ಬಂತು ನೋಡಿ, ನಮ್ಮ ವಾರ ಅಲ್ವಾ" ಎಂದನಂತೆ. ಒಳಗೆ ಊರವರು ಹೊಲಿಯಲು ಕೊಟ್ಟ ಬಟ್ಟೆಗಳಿದ್ದವು. "ಇನ್ನೊಬ್ರ ಬಟ್ಟೆ, ತಂದ್ಬಿಡ್ತೀನಿ" ಎಂದು ತಿರುಗಿ ಒಳಗೆ ಹೋದ.

ಸೈರನ್ ಓಣಿಗೆ ತಿರುಗಲಿಲ್ಲ. ಮಂಡಿಯ ಕಡೆ ಹೋಯಿತು. ಸದ್ದು ಸಣ್ಣದಾಗುತ್ತಾ ಹೋದದ್ದನ್ನು ಓಣಿಯವರೆಲ್ಲ ನಿಂತು ಕೇಳಿದರು. ಹಿಂದೆಯೇ ಚಾವಣಿ ಕುಸಿಯಿತು.

ಎಂಜಿನ್ ಓಡಿಸಿದವನನ್ನು ನಾನು ದೂರುವುದಿಲ್ಲ. ಮೊದಲು ಕರೆದ ಕಡೆಗೆ ಹೋದ. ಟಾರು ಕಾಯಿಸಿದವನನ್ನೂ ದೂರಲಾರೆ, ಅವನೂ ಜಾಗ್ರತೆಯಿಂದಲೇ ಆ ವಾರಕ್ಕೆ ಕಾದವನು. ಹಳೆಯ ನಗರಗಳ ಚರಿತ್ರೆಯನ್ನು ಸಾಕಷ್ಟು ಓದಿದ್ದೇನೆ. ಸುಟ್ಟುಕೊಂಡ ಮೇಲೆ ಬುದ್ಧಿ ಕಲಿತ ನಗರಗಳೇ ಹೆಚ್ಚು. ನಾವು ಮಾತ್ರ ಕಲಿತ ಬುದ್ಧಿಯನ್ನು ಗುಜರಿಗೆ ಹಾಕಿ, ಚೌಕಾಸಿಯಲ್ಲಿ ಗೆದ್ದೆವೆಂದು ಮನೆಗೆ ಬಂದವರು. ನಾನೀಗ ಕೂತ ಕಡೆಯಿಂದ ಅಗ್ನಿಶಾಮಕ ಠಾಣೆಯ ಅಂಗಳ ಕಾಣುತ್ತದೆ. ಮಾರಿದ ಎಂಜಿನ್ ನಿಲ್ಲುತ್ತಿದ್ದ ಜಾಗದಲ್ಲಿ ಪುರಸಭೆಯ ಮುರಿದ ಕುರ್ಚಿಗಳನ್ನು ಒಟ್ಟಿದ್ದಾರೆ. ಸಭೆಗೆ ಹೋಗುವ ಮೊದಲು ಒಮ್ಮೆ ಬಂದು ನೋಡು.

ನೀನು ಕನಿಕರಪಟ್ಟು ಕೈ ಎತ್ತುವುದು ನನಗೆ ಬೇಡ. ತನ್ನವರು ಸುಟ್ಟುಕೊಂಡರೆ ಮಾತ್ರ ಎದ್ದೇಳುವ ಕೈ ಇನ್ನೊಂದು ವರ್ಷಕ್ಕೆ ಮತ್ತೆ ಕೆಳಗಿಳಿಯುತ್ತದೆ. ದರ್ಜಿ ನಿನಗೆ ಯಾರೂ ಅಲ್ಲ. ಮುದುಕಿಯೂ ಅವನಿಗೆ ಯಾರೂ ಆಗಿರಲಿಲ್ಲ. ಯಾರೂ ಅಲ್ಲದವರಿಗಾಗಿ ಕಟ್ಟುವುದಕ್ಕೇ ತೆರಿಗೆ ಎನ್ನುವುದು. ಅಪ್ಪನ ಹಾಗೆ ಬೈದುಕೊಂಡೇ ಎತ್ತು, ಅಡ್ಡಿಯಿಲ್ಲ. ತಿಳಿದು ಎತ್ತು.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಸರ್, ಇದನ್ನು ಅಕ್ಕ ಹೇಳಿ ಬರೆಸಿದ್ದಲ್ಲ, ನಾನಾಗಿ ಬರೆಯುತ್ತಿದ್ದೇನೆ. ಅವರಿಗೆ ನಿದ್ದೆ ಹತ್ತಿದೆ. ನೀವು ಮಾತು ಬಿಟ್ಟ ಮೇಲೆ ಅವರು ಜಗಲಿಯ ಮನೆ ಮಾರಿ ನಮ್ಮ ಹೊಲಿಗೆ ಅಂಗಡಿಯ ಮೇಲಿನ ಮಹಡಿಗೆ ಬಂದಿದ್ದರು. ಆ ಮುದುಕಿ ಅವರೇ. ಕನ್ನಡಕ ಹಾಳಾಗಿರುವುದು ನಿಜ, ಆದರೆ ಎರಡು ಕೈಗೂ ಬಟ್ಟೆ ಸುತ್ತಿದ್ದಾರೆ. ಠಾಣೆಯ ಎದುರಿನ ಆಸ್ಪತ್ರೆಯಲ್ಲಿ, ಕಿಟಕಿ ಪಕ್ಕದ ಹಾಸಿಗೆ. ನನ್ನ ಗಂಡನ ವಿಷಯ ಬಂದಾಗ ಅವರು ಹೇಳುವುದನ್ನು ನಿಲ್ಲಿಸಿದರು. ಹೇಳಿ, ಬರೆಯುತ್ತೇನೆ ಎಂದವಳು ನಾನೇ. ನಿಮಗೆ ತಿಳಿಸಬಾರದೆಂದು ಆಣೆ ಹಾಕಿದ್ದಾರೆ. ಅಕ್ಕ ಎಂಬ ಕಾರಣಕ್ಕೆ ನೀವು ಕೈ ಎತ್ತಬಾರದು ಎನ್ನುವುದು ಅವರ ಹಠ. ನನಗೆ ಅಷ್ಟು ಓದು ಇಲ್ಲ, ಆ ಹಠವೂ ಇಲ್ಲ. ಯಾವ ಕಾರಣಕ್ಕಾದರೂ ಸರಿ, ಎತ್ತಿ.