ಏಣಿ ತರೋಕೆ ಹೋದವ ಕಾರ್ಯದರ್ಶಿಯಾದ

ಅಕ್ಕಾ, ನಗಬೇಡ, ನಿನ್ನ ತಮ್ಮ ಈಗ ಕಾರ್ಯದರ್ಶಿ! ನಾನು ಬಣ್ಣ ಹೊಡೀತಿರೋ ಈ ಅರವತ್ತು ಮನೆ ಕಟ್ಟಡದ ಸಂಘದ ಸಭೆಗೆ ನಿನ್ನೆ ಬಂದವರು ನಾಲ್ಕೇ ಜನ. ಐದು ಜನ ಇಲ್ಲದೆ ಸಭೆ ನಡೆಸೋ ಹಾಗಿಲ್ಲವಂತೆ. ಏಣಿ ತರೋಕೆ ಒಳಗೆ ಹೋದ ನನ್ನನ್ನೇ ಹಿಡಿದು ಕೂರಿಸಿದ್ರು. "ನಾನು ಬಣ್ಣದವನು ಸಾರ್" ಅಂದ್ರೆ, "ತಿಂಗಳಿಂದ ಇಲ್ಲೇ ಇದ್ದೀಯಲ್ಲಪ್ಪ, ಸಾಕು" ಅಂತ ಅಧ್ಯಕ್ಷರು ಖಾಲಿಯಿದ್ದ ಕಾರ್ಯದರ್ಶಿ ಪಟ್ಟವನ್ನೂ ನನಗೇ ಕಟ್ಟೇಬಿಟ್ರು.

ಇವತ್ತು ಮುಂದಿನ ಸಭೆಗೆ ಕರೆಯೋಕೆ ಮನೆಮನೆಗೂ ಹೋದೆ. ಮೂರನೇ ಮಹಡಿ ಅಜ್ಜಿ, "ಎದುರುಮನೇಲಿ ಯಾರಿದ್ದಾರಪ್ಪ?" ಅಂತ ನನ್ನನ್ನೇ ಕೇಳಿದ್ರು. ಹತ್ತು ವರ್ಷದಿಂದ ಎದುರುಬದುರು! ಕೈ ಹಿಡಿದು ಕರ್ಕೊಂಡು ಹೋಗಿ ಬೆಲ್ ಒತ್ತಿಸಿದೆ.

ನೀನು ಕೊಟ್ಟ ಎಣ್ಣೆಯಿಂದ ಬೆನ್ನುನೋವು ವಾಸಿ. ಆದ್ರೆ ಕೆಲಸ ನಿಂತಿದೆ. ಬಣ್ಣ ಹೊಡೀಬೇಕಾದ ಬಾಗಿಲಲ್ಲೇ ಅಜ್ಜಿ, ಎದುರುಮನೆಯಾಕೆ ಇಬ್ಬರೂ ಬೆಳಗಿನಿಂದ ಹರಟ್ತಾ ನಿಂತಿದ್ದಾರೆ.

ನಿನ್ನ ತಮ್ಮ