ಹಬ್ಬದ ದಿನದ ಫೈಲು

ಕೋಗಿಲು
9 ಫೆಬ್ರವರಿ 2017, ಗುರುವಾರ

ನನ್ನ ವೇದಾಗೆ,

ನೀನು ಇಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ತವರಿನಲ್ಲಿ ಕ್ಷೇಮವಾಗಿದ್ದೀಯ, ಆದರೆ ಸರಿಯಾಗಿ ಉಣ್ಣುತ್ತಿಲ್ಲ ಎಂದು ನಮ್ಮನೆ ಕೆಲಸದ ರತ್ನಕ್ಕ ಹೇಳಿದರು. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದವನ್ನು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಮೂಲಕ ನೀನು ಕೇಳಿಸಿದ್ದು ಒಂದೇ ಪ್ರಶ್ನೆ: ಅವತ್ತು ಫೈಲು ನೋಡಿದಾಗ ಆ ಸಾಲು ಇಲ್ಲದ್ದು ನನಗೆ ಕಾಣಲಿಲ್ಲವೇ ಎಂದು. ಉತ್ತರ ಕೊಡುತ್ತೇನೆ. ಸ್ವಲ್ಪ ಸುತ್ತಿ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಅವತ್ತು 2014ರ ವರಮಹಾಲಕ್ಷ್ಮಿ ಹಬ್ಬ. ಹಿಂದಿನ ವಾರವಷ್ಟೇ ಅಪ್ಪ ಗೇಟಿಗೆ ಹೆಸರಿನ ಬೋರ್ಡು ಮಾಡಿಸಲು ಹೊರಟಿದ್ದರು. ನಿನ್ನ ಪಿಎಚ್‌ಡಿ ಇನ್ನೂ ಅರ್ಧದಲ್ಲಿತ್ತು. ಆದರೂ "ಮೊದ್ಲು ಡಾಕ್ಟ್ರು ಅಂತ ಸೊಸೆ ಎಸ್ರು ಆಕ್ಸು, ಕೆಳಗಡೆ ನಿಂದು ಆಕ್ಸು" ಅಂದರು. ನಿನಗಿಂತ ಮೂರು ವರ್ಷ ಮೊದಲು ಅದೇ ಲ್ಯಾಬಿಗೆ ಸೇರಿ, ಅರ್ಧಕ್ಕೆ ಬಿಟ್ಟು, ಅಪ್ಪನ ಲೇಔಟಿನಲ್ಲಿ ಸೈಟು ತೋರಿಸಿಕೊಂಡಿದ್ದವನು ನಾನು. ನಗುತ್ತಲೇ ತಲೆಯಾಡಿಸಿದೆ. ನೀನೂ ನಕ್ಕೆ. ಆ ನಗುವನ್ನು ನಾನು ಮರೆತಿಲ್ಲ.

ಹಬ್ಬದ ಸಂಜೆ ನೀನು ಒಬ್ಬಟ್ಟು ತಟ್ಟುತ್ತಿದ್ದೆ. ಪೆನ್‌ಡ್ರೈವ್ ಕಡೆ ಕಣ್ಣಲ್ಲೇ ತೋರಿಸಿ "ರೀ, ಆ ಫೈಲು ಒಂದ್ಸಲ ಕಣ್ಣಾಡ್ಸಿ ಓಡ್ಸಿಬಿಡ್ರೀ, ಕೈಯೆಲ್ಲಾ ಹಿಟ್ಟಾಗಿದೆ" ಅಂದೆ. ರಿಯಾಕ್ಟರಿನೊಳಗೆ ಬಳಸುವ ಕಬ್ಬಿಣ-ಕ್ರೋಮಿಯಂ ಮಿಶ್ರಲೋಹಕ್ಕೆ ವಿಕಿರಣ ಬಡಿದರೆ ಏನು ಹಾಳಾಗುತ್ತದೆ ಎಂದು ಕಂಪ್ಯೂಟರಿನಲ್ಲೇ ನೋಡುವುದು ನಿನ್ನ ಕೆಲಸ. ಒಂದು ಪರಮಾಣುವನ್ನು ಜೋರಾಗಿ ತಳ್ಳಿ, ಎಷ್ಟು ಪರಮಾಣುಗಳು ಜಾಗ ತಪ್ಪಿದವು ಎಂದು ಎಣಿಸುವುದು. ಎರಡು ಪರಮಾಣುಗಳು ತೀರಾ ಹತ್ತಿರ ಬಂದಾಗ ಒಂದನ್ನೊಂದು ಎಷ್ಟು ಬಲವಾಗಿ ದೂಡುತ್ತವೆ ಎಂದು ತಿಳಿಸಲು ಫೈಲಿನಲ್ಲಿ ಬೇರೆಯದೇ ಒಂದು ಸಾಲು ಸೇರಿಸಬೇಕು. ಅದಿಲ್ಲದಿದ್ದರೂ ಲೆಕ್ಕ ಸಲೀಸಾಗಿ ಓಡುತ್ತದೆ, ಗ್ರಾಫ್ ಕೂಡ ಚೆನ್ನಾಗಿ ಬರುತ್ತದೆ. ಎಣಿಕೆ ಮಾತ್ರ ಸುಳ್ಳು.

ಸಾಲು ಇರಲಿಲ್ಲ, ವೇದಾ. ನನಗೆ ಕಾಣಿಸಿತ್ತು. ಅಡುಗೆಮನೆಗೆ ಬಂದು "ಎಲ್ಲಾ ಸರಿ ಇದೆ ಕಣೇ, ಓಡ್ಸಿದೀನಿ" ಅಂದೆ. ನೀನು ಬಿಸಿ ಒಬ್ಬಟ್ಟಿಗೆ ತುಪ್ಪ ಹಾಕಿ ನನ್ನ ಬಾಯಿಗಿಟ್ಟೆ. ಒಮ್ಮೆ ಸರಿಯೆಂದ ಫೈಲಿನ ಮೇಲ್ಭಾಗವನ್ನು ನಮ್ಮ ಲ್ಯಾಬಿನಲ್ಲಿ ಯಾರೂ ಮತ್ತೆ ಓದುವುದಿಲ್ಲ. ಅದನ್ನೇ ಕಾಪಿ ಮಾಡಿ, ನಂಬರು ಬದಲಿಸಿ ಓಡಿಸುತ್ತೇವೆ. ನೀನೂ ಎರಡು ವರ್ಷ ಹಾಗೇ ಮಾಡಿದೆ. ಹೊಸ ಗ್ರಾಫ್ ತಂದು ತೋರಿಸಿದಾಗಲೆಲ್ಲ ಹೇಳಿಬಿಡೋಣ ಅನ್ನಿಸುತ್ತಿತ್ತು. ನಿನ್ನ ಮುಖದ ಸಂತೋಷ ನೋಡಿ ಸುಮ್ಮನಾಗುತ್ತಿದ್ದೆ.

ಥೀಸಿಸ್ ಓದಿದ ಪರೀಕ್ಷಕರು ತಪ್ಪನ್ನು ಹಿಡಿದರು. ಅವರ ವರದಿ ಬಂದ ದಿನ ನಾನು ಆಶ್ಚರ್ಯಪಡುವುದನ್ನು ಮರೆತೆ, ನೀನು ಅದನ್ನು ಗಮನಿಸಿದೆ, ಸಂಜೆಗೇ ತವರಿಗೆ ಹೊರಟೆ. ಮೊದಲ ಪಾಠವೇ ಗೊತ್ತಿಲ್ಲದವಳಿಗೆ ಇನ್ನೊಂದು ವರ್ಷ ಕೊಡಬೇಕೇ ಎಂದು ಸೋಮವಾರ ಕಮಿಟಿ ತೀರ್ಮಾನಿಸುತ್ತದಂತೆ. "ನಾನೇ ಮರೆತೆ ರತ್ನಕ್ಕ, ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ" ಎಂದು ನೀನು ಅಳುತ್ತಿದ್ದೆಯಂತೆ. ಅಳಬೇಡ, ನಿನ್ನ ಮೂಗು ಕೆಂಪಾಗುತ್ತದೆ. ಮರೆವು ಯಾರಿಗಿಲ್ಲ? ನಾನೂ ಲ್ಯಾಬು ಬಿಟ್ಟವನೇ, ಬದುಕಿಲ್ಲವೇ? ಅಪ್ಪ ಮಾಡಿಸಿದ ಆ ಬೋರ್ಡು ನಿನ್ನ ಡಿಗ್ರಿಗೆ ಕಾದು ಇನ್ನೂ ಕಾರ್ ಶೆಡ್ಡಿನಲ್ಲೇ ಬಿದ್ದಿದೆ. ಬೇರೆ ಮಾಡಿಸೋಣ. ಬರೀ ಹೆಸರು ಸಾಕು, ನನ್ನದು ಮೇಲೆ, ನಿನ್ನದು ಕೆಳಗೆ. ಬೀದಿಯಲ್ಲಿ ಯಾರೂ ನಗುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಸತೀಶ

ಮರೆತಿದ್ದೆ: ಮೇಲೆ ಬರೆದದ್ದರಲ್ಲಿ ಒಂದು ಮಾತು ಸರಿಯಿಲ್ಲ. ನೀನು ಕೊಟ್ಟ ಫೈಲಿನಲ್ಲಿ ಆ ಸಾಲು ಇತ್ತು. ಹದಿನಾಲ್ಕನೆಯದು. ನಾನೇ ತೆಗೆದೆ. ತೆಗೆಯುವ ಮುಂಚೆ ನಿನ್ನ ಫೈಲನ್ನು ಹಾಗೇ ನನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡಿದ್ದೆ, ಹಬ್ಬದ ದಿನದ ತಾರೀಖು ಅದರಲ್ಲಿ ಇನ್ನೂ ಇದೆ. ಈ ಕಾಗದವನ್ನು ಕಮಿಟಿಗೆ ಬೇಕಾದರೆ ತೋರಿಸು. ಹೆಂಡತಿಯನ್ನು ಉಳಿಸಲು ಗಂಡ ಬರೆದುಕೊಟ್ಟಿದ್ದಾನೆ ಅಂದುಕೊಳ್ಳುತ್ತಾರೆ. ನಂಬಬೇಕಾದರೆ ಫೈಲು ಬೇಕು. ಭಾನುವಾರ ಬಟ್ಟೆಬರೆ ಸಮೇತ ಮನೆಗೆ ಬಾ, ಕೊಡುತ್ತೇನೆ. ಸೋಮವಾರ ಕಳೆದ ಮೇಲೆ ಅದನ್ನು ಇಟ್ಟುಕೊಂಡು ನನಗೇನಾಗಬೇಕು.