ಕಹಿ ಕೈ

ಏಪ್ರಿಲ್ ೧೬, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನೀನು ಕ್ಷೇಮವೆಂದು ನಂಬಿದ್ದೇನೆ. ನೀನು ಹೋಗಿ ಆರು ತಿಂಗಳಾದ ಮೇಲೆ ಇದು ಮೊದಲ ಪತ್ರ. ತಡವಾಯಿತೆಂದು ಎಷ್ಟು ಬೇಕಾದರೂ ಬೈದುಕೊ, ಓದದೆ ಮಾತ್ರ ಹರಿಯಬೇಡ. ನಾಲ್ಕು ಸಲ ಬರೆಯಲು ಕೂತು, ನಾಲ್ಕು ಸಲವೂ ಎದ್ದು ಹೋಗಿ ಒರೆಸಿದ ಗ್ಲಾಸನ್ನೇ ಮತ್ತೆ ಒರೆಸಿದೆ. ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ.

ನಮ್ಮ ಜ್ಯೂಸ್ ಅಂಗಡಿ ಹೇಗೋ ನಡೆಯುತ್ತಿದೆ. ಈ ಸಲದ ಮೋಸಂಬಿ ಬರೀ ಸಿಪ್ಪೆ, ಕಿತ್ತಳೆಯೇ ವಾಸಿ. ನಿಂಬೆ ಷರಬತ್ತಿಗೆ ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕುತ್ತೇನೆ. ನಿನ್ನೆ ಎದುರಂಗಡಿ ಟೈಲರ್ ಒಂದು ಗುಟುಕು ಕುಡಿದು, "ಅಕ್ಕಾ, ಇದು ಕುಡಿಯೋಕಾ, ಗಾಯ ತೊಳೆಯೋಕಾ?" ಎಂದ. ಆಮೇಲೆ, "ನಿಮ್ಮ ತಂಗಿ ಯಾವಾಗ ಬರ್ತಾರೆ?" ಎಂದೂ ಕೇಳಿದ. ನನಗೆ ಮೈ ಪರಚಿಕೊಳ್ಳುವಂತಾಯಿತು.

ಆ ದಿನ ನಾನು, ನೀನು ಬೀಜ ಜಜ್ಜುವ ಹಾಗೆ ಒತ್ತಿ ಹಿಂಡುತ್ತೀ ಎಂದು ಶುರು ಮಾಡಿ, ಕೊನೆಗೆ ಗಿರಾಕಿಗಳೆದುರೇ "ನಿನ್ನ ಕೈಗುಣವೇ ಕಹಿ" ಎಂದುಬಿಟ್ಟೆ. ನೀನು ಕೈ ತೊಳೆದುಕೊಂಡು ಹೊರಟುಹೋದೆ. ಮೊನ್ನೆ ಚಿಕ್ಕಮ್ಮ ಬಂದಿದ್ದಳು. ನಿನ್ನ ಮಗಳಿಗೆ ಜ್ವರ ಬಂದಾಗ ಕಿತ್ತಳೆ ಹಿಂಡಲು ಪಕ್ಕದ ಮನೆಯಾಕೆಯನ್ನು ಕರೆದೆಯಂತೆ. "ನನ್ನ ಕೈ ಕಹಿ ಕಣೇ, ನೀನೇ ಹಿಂಡಿಕೊಡು" ಅಂದೆಯಂತೆ. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಈಚೆಗೆ ನನ್ನ ಬಾಯಿಗೆ ಸಕ್ಕರೆಯೂ ಕಹಿ. ಡಾಕ್ಟರಿಗೆ ತೋರಿಸಿದೆ. ನಾನು ನುಂಗುವ ಬಿ.ಪಿ. ಮಾತ್ರೆ ನೋಡಿ, "ಇದು ಮಾತ್ರೆಯ ಕಹಿ ಅಮ್ಮಾ, ಹಣ್ಣಿಂದಲ್ಲ" ಎಂದರು. ನೋಡಿದೆಯಾ, ತಪ್ಪು ನಿನ್ನ ಕೈಯದೂ ಅಲ್ಲ, ನನ್ನದೂ ಅಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ನಾಲಿಗೆ ಕೆಟ್ಟವಳು ನಿನ್ನ ಕೈಯನ್ನು ದೂರಿದೆ. ಈಗ ಬೇರೆ ಮಾತ್ರೆ ಕೊಟ್ಟಿದ್ದಾರೆ. ಬಂದುಬಿಡು ಪುಟ್ಟಿ. ನಿನ್ನ ಜಾಗದಲ್ಲಿ ಯಾರನ್ನೂ ನಿಲ್ಲಿಸಿಲ್ಲ.

ಮಗಳ ಕೆನ್ನೆಗೆ ನನ್ನದೊಂದು ಮುತ್ತು. ಅವಳು ನೂರು ಕಾಲ ಬಾಳಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಪತ್ರ ಹಿಡಿದು ಅಂಚೆಪೆಟ್ಟಿಗೆಯವರೆಗೂ ಹೋಗಿ ವಾಪಸು ಬಂದೆ. ಆ ಕಹಿ ಮಾತ್ರೆ ಶುರುವಾದದ್ದು ನೀನು ಹೋಗಿ ಎರಡು ತಿಂಗಳಾದ ಮೇಲೆ. ನೀನು ಹಿಂಡಿದ್ದು ಯಾವತ್ತೂ ಕಹಿಯಾಗಿರಲಿಲ್ಲ. ಬಂದವರೆಲ್ಲ, "ತಂಗಿ ಕೈಯಿಂದಲೇ ಕೊಡಿಸಿ" ಎನ್ನುತ್ತಿದ್ದರು. ನನ್ನ ಹೊಟ್ಟೆ ಉರಿಯಿತು, ಗೊತ್ತಿದ್ದೂ ಗೊತ್ತಿದ್ದೂ ಆ ಮಾತು ಆಡಿದೆ. ಇದನ್ನು ಓದಿದ ಮೇಲೂ ಬರಬೇಕೆನಿಸಿದರೆ ಬಾ.